ಜಲಚಕ್ರದ ಹಿಂದೆ ನಿಂತ ನೀರು

ಶಾಲಾ ಕಟ್ಟಡಗಳ ಉಸ್ತುವಾರಿ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ಶಕ್ತಿನಗರದ ನಮ್ಮ ಶಾಲೆಯ ಹಿಂದಿನ ತಡೆಗೋಡೆಯಲ್ಲಿ ನೀರು ಹೊರಬರಲೆಂದು ಇಟ್ಟಿದ್ದ ಇಪ್ಪತ್ತೆರಡು ಪೈಪುಗಳ ಬಾಯಿಗೆ ತಾವು ಸಿಮೆಂಟು ಮೆತ್ತಿಸಿದ್ದೀರಿ. ಅವನ್ನು ಮಳೆಗಾಲಕ್ಕೆ ಮೊದಲು ತೆರೆಸಿಕೊಡಿ. ಮುಚ್ಚಿಸಿದ್ದೇಕೆಂದು ಊರಿಗೂ ತಿಳಿಯಲಿ. ಕಳೆದ ಪರಿಸರ ದಿನಕ್ಕೆ ಆ ಗೋಡೆಯ ಮೇಲೆ ಜಲಚಕ್ರದ ದೊಡ್ಡ ಚಿತ್ರ ಬರೆಸಲಾಗಿತ್ತು. ಮಳೆಗಾಲದಲ್ಲಿ ಪೈಪುಗಳಿಂದ ಇಳಿದ ಕೆಂಪು ನೀರು ಚಿತ್ರದ ಮೋಡಗಳಿಗೆ ಕಲೆ ಮಾಡಿತು. ಅಕ್ಟೋಬರಿನಲ್ಲಿ ತಪಾಸಣೆಗೆ ಬಂದ ತಾವು ಪೈಪು ಮುಚ್ಚಿಸಿ, ಚಿತ್ರವನ್ನು ಹೊಸದಾಗಿ ಬರೆಸಿದಿರಿ. ಭೂಮಿಯಲ್ಲಿ ಇಂಗಿದ ನೀರು ಮತ್ತೆ ಹೊರಬರುತ್ತದೆ ಎಂದು ತೋರಿಸುವ ನೀಲಿ ಬಾಣ ಈಗ ಸರಿಯಾಗಿ ಆ ಸಿಮೆಂಟಿನ ಮೇಲೆಯೇ ಹಾದುಹೋಗುತ್ತದೆ. ಪಾಠದ ಚಿತ್ರ ಉಳಿಸಲು ಪಾಠವನ್ನೇ ಮುಚ್ಚಬೇಕಿತ್ತೇ? ಬಣ್ಣ ಮಾತ್ರ ಚೆನ್ನಾಗಿದೆ, ಅದರ ಬಗ್ಗೆ ನನ್ನ ದೂರಿಲ್ಲ.

ನಾನು ಬಟ್ಟೆ ಹೊಲಿಯುವವಳು, ವಿಜ್ಞಾನ ನನಗೆ ತಿಳಿಯದು. ಏಳನೇ ತರಗತಿಯಲ್ಲಿದ್ದ ಮಗಳು ಯಶ್ಮಿತಾಳಿಗೆ ಮಣ್ಣು ಮತ್ತು ನೀರಿನ ಪಾಠವಿತ್ತು. ಅವಳು ಎರಡು ಐಸ್‌ಕ್ರೀಮ್ ಡಬ್ಬಿಗಳ ಒಂದು ಬದಿ ಕತ್ತರಿಸಿ, ಅಲ್ಲಿ ರಟ್ಟಿನ ಗೋಡೆ ನಿಲ್ಲಿಸಿ, ಒಳಗೆ ಕೆಂಪು ಮಣ್ಣು ತುಂಬಿದಳು. ಒಂದು ರಟ್ಟಿಗೆ ತೂತು ಕೊರೆದಳು, ಇನ್ನೊಂದಕ್ಕೆ ಇಲ್ಲ. ಎರಡಕ್ಕೂ ನೀರು ಹೊಯ್ದಳು. ತೂತಿದ್ದ ರಟ್ಟು ನಿಂತಿತು. ಇಲ್ಲದ್ದು ಮಣ್ಣಿನ ಸಮೇತ ನನ್ನ ಮೆಷಿನಿನ ಕಾಲಬುಡಕ್ಕೆ ಬಂತು.

"ಅಮ್ಮ, ನೀರು ಬರ್ಲಿಕ್ಕೆ ದಾರಿ ಇಲ್ಲದಿದ್ರೆ ಗೋಡೆಯೇ ಬರುವುದಲ್ವಾ?" ಎಂದು ಕೇಳಿದಳು.

ಹನ್ನೊಂದು ವರ್ಷದ ಹಿಂದೆ ಆ ಗೋಡೆ ಕಟ್ಟಿದ ಬಿಕರ್ನಕಟ್ಟೆಯ ಜೊಕಿಮ್ ಮೇಸ್ತ್ರಿಯನ್ನು ಕರೆತಂದೆ. ಅವರು ಗೋಡೆಯ ತಲೆಯಿಂದ ತೂಗುಗುಂಡು ಇಳಿಬಿಟ್ಟು ನೋಡಿದರು. ನವೆಂಬರಿನ ಎರಡು ಗುಡುಗು ಮಳೆಗೇ ಗೋಡೆ ನಡುವಿನಲ್ಲಿ ಎರಡು ಬೆರಳು ಉಬ್ಬಿತ್ತು. ಮೇಸ್ತ್ರಿ ದಾರ ಸುತ್ತಿಕೊಂಡು ಹೇಳಿದ್ದು ಇಷ್ಟೇ: "ಆಶಕ್ಕ, ನಾನು ಪೈಪ್ ಇಟ್ಟದ್ದು ಚಂದಕ್ಕೆ ಅಲ್ಲ. ಹಿಂದೆ ಇಡೀ ಗುಡ್ಡ ಉಂಟು."

ಇದನ್ನೆಲ್ಲ ಬರೆದು ತಮ್ಮ ಕಚೇರಿಗೆ ಅರ್ಜಿ ಕೊಟ್ಟೆ. ಗೋಡೆಯನ್ನು ಮುಂಭಾಗದಿಂದ ಪರಿಶೀಲಿಸಲಾಗಿದೆ, ಯಾವುದೇ ಸೋರಿಕೆ ಕಂಡುಬಂದಿಲ್ಲ ಎಂದು ಉತ್ತರ ಬಂತು. ಸ್ವಾಮೀ, ಸೋರಿಕೆ ಇಲ್ಲ ಎಂಬುದೇ ನನ್ನ ದೂರು. ಹನ್ನೆರಡು ವರ್ಷದ ಹುಡುಗಿಗೆ ಎರಡು ಡಬ್ಬಿಯಲ್ಲಿ ಅರ್ಥವಾದದ್ದು ತಮಗೆ ಅರ್ಥವಾಗಲು ಎಷ್ಟು ದೊಡ್ಡ ಡಬ್ಬಿ ಬೇಕು?

ಜೂನ್‌ನಿಂದ ಯಶ್ಮಿತಾ ಕೂರುವ ಎಂಟನೇ ತರಗತಿ ಆ ಗೋಡೆಯಿಂದ ಆರಡಿ ದೂರದಲ್ಲಿದೆ. ನನಗೆ ಹೆದರಿಕೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಮೇ ಕೊನೆಯಲ್ಲಿ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳದವರೂ ಗೆಜ್ಜೆ ಬಿಚ್ಚಿ ಮನೆ ಸೇರುತ್ತಾರೆ, ಮಳೆ ಹತ್ತಿರವಾಯಿತೆಂದು ಅವರಿಗೆ ಗೊತ್ತು. ಆ ದಿನದೊಳಗೆ ಇಪ್ಪತ್ತೆರಡು ಪೈಪುಗಳೂ ತೆರೆಯಬೇಕು. ಮೇಸ್ತ್ರಿ ಕೂಲಿಯಿಲ್ಲದೆ ಬರುತ್ತಾರೆ, ತಮ್ಮ ಅನುಮತಿ ಸಾಕು. ಇಲ್ಲವಾದರೆ ಮೊದಲ ಜೋರು ಮಳೆಯ ದಿನ ಯಶ್ಮಿತಾ ಮನೆಯಲ್ಲಿರುತ್ತಾಳೆ. ಕಿಟಕಿ ಪಕ್ಕದ ಅವಳ ಜಾಗದಲ್ಲಿ ತಾವು ಬಂದು ಕುಳಿತುಕೊಳ್ಳಿ. ಉಳಿದ ಮೂವತ್ತೊಂದು ಮಕ್ಕಳನ್ನು ಎಲ್ಲಿ ಕೂರಿಸಬೇಕೆಂದು ಅಲ್ಲಿಂದಲೇ ಹೇಳಿ.

ಇಂತಿ,
ಮೆಷಿನಿನ ಬುಡದ ಕೆಸರು ಇನ್ನೂ ಒರೆಸದ
ಆಶಾಲತಾ, ಶಕ್ತಿನಗರ