ಪಕ್ಕೆಲುಬು

ಮಾರ್ಚ್ ೧೪, ಶುಕ್ರವಾರ

ಮೂಳೆ ಟೊಳ್ಳಾಗಿದೆಯಂತೆ. ವರದಿ ನೋಡಿ ಡಾಕ್ಟರು ಹೇಳಿದಾಗ ಇವಳು, "ಗುಂಡುಕಲ್ಲಿನ ಹಾಗಿದ್ದಾರೆ, ಇವರಿಗ್ಯಾಕೆ? ಅದು ಹೆಂಗಸರಿಗೆ ಬರೋದಲ್ವಾ?" ಎಂದಳು.

"ಗಂಡಸರಿಗೂ ಬರುತ್ತಮ್ಮ. ಉಬ್ಬಸಕ್ಕೆ ಅಂತ ಇಷ್ಟು ವರ್ಷ ಸ್ಟೀರಾಯ್ಡ್ ಮಾತ್ರೆ ನುಂಗಿದ್ದಾರಲ್ಲ."

ನನಗೇನೂ ಅನ್ನಿಸಲಿಲ್ಲ. ಬೇರೆ ಯಾರದೋ ಮೂಳೆಯ ಮಾತು ಕೇಳಿದಂತಿತ್ತು.

ಪಕ್ಕೆಲುಬು ಹೇಗೆ ಮುರಿಯಿತೆಂದು ಕೇಳಿದರು. ಬಚ್ಚಲಲ್ಲಿ ಜಾರಿದೆ ಎಂದೆ. ಇವಳಿಗೂ ಅದನ್ನೇ ಹೇಳಿದ್ದೇನೆ.

ಭಾನುವಾರ ಮಗ ಬಂದಿದ್ದ. ತನ್ನ ಮದುವೆಯ ಜಗಳವಾದ ಮೇಲೆ ಈ ಮನೆಯ ಮೆಟ್ಟಿಲು ಹತ್ತದವನು. ಬಾಗಿಲಲ್ಲೇ ಬಿಗಿಯಾಗಿ ಅಪ್ಪಿಕೊಂಡ. ಒಳಗೆ ಲಟಕ್ ಎಂದಿತು. ಉಸಿರು ಹಿಡಿದು ನಿಂತೆ, ಬಿಡಿಸಿಕೊಳ್ಳಲಿಲ್ಲ.

ಇವತ್ತು ಸಂಜೆ ಫೋನ್ ಮಾಡಿದ್ದ. "ಹುಷಾರಾಗಿ ಓಡಾಡಪ್ಪ. ನಾಳೆ ಬರ್ತೀನಿ."

"ಬಾ," ಎಂದೆ.

ನೋವಿನ ಮಾತ್ರೆಗೆ ಕಣ್ಣು ಎಳೆಯುತ್ತಿದೆ. ನಾಳೆ ಅವನು ಕೈಚಾಚಿದರೆ ಹಿಂದೆ ಸರಿಯಬಾರದು. ಎಡಮಗ್ಗುಲು ಸ್ವಲ್ಪ ಓರೆ ಮಾಡಿ ನಿಂತರೆ