ಎಣ್ಣೆಕಲೆಯ ಮೇಲಂಗಿ

ಓಹಾಯೊ, ಅಕ್ಟೋಬರ್ ೨೮

ವಸ್ತುಸಂಗ್ರಹಾಲಯದ ಮಾನ್ಯ ಸ್ಟಬ್ಸ್ ಅವರಿಗೆ,

ಒಂದು ಐತಿಹಾಸಿಕ ಘಟನೆಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ: ಇಂದು ನನ್ನ ಏಳನೇ ತರಗತಿ ಇಡೀ ಎರಡು ನಿಮಿಷ ಸುಮ್ಮನಿತ್ತು.

ಕಾರಣ, ನೀವು ಪಾಠಕ್ಕೆಂದು ಕಳಿಸಿದ ಪೆಟ್ಟಿಗೆಯಲ್ಲಿದ್ದ, ೧೮೬೦ರ ಅಧ್ಯಕ್ಷೀಯ ಚುನಾವಣೆಯ ಮೇಲಂಗಿ. ಪ್ರಚಾರದ ಮೆರವಣಿಗೆಯಲ್ಲಿ ಪಂಜಿನ ಎಣ್ಣೆ ಬಟ್ಟೆಗೆ ತಾಗದಿರಲೆಂದು ಅದನ್ನು ತೊಡುತ್ತಿದ್ದರು ಎಂದು ವಿವರಿಸುತ್ತಿದ್ದೆ. ಡೆಲ್ಫೀನ್ ಕ್ರಾಂಟ್ಸ್ ಎಂಬ ಹುಡುಗಿ ಎಂದಿನಂತೆ ಬಾಯಿ ಹಾಕಿದಳು. "ಎಲ್ಲಾ ನಾಟಕ, ಮಿಸ್. ನಮ್ಮಪ್ಪ ವೋಟೇ ಹಾಕಲ್ಲ."

"ಇದನ್ನ ತೊಟ್ಟವನೂ ಹಾಕ್ಲಿಲ್ಲ ಕಣಮ್ಮ," ಎಂದೆ, ಮೇಲಂಗಿಯ ಜೊತೆ ನೀವಿಟ್ಟಿದ್ದ ವಿವರದ ಚೀಟಿ ಓದುತ್ತಾ. "ಅವನಿಗೆ ಹದಿನೇಳು. ಆಗ ವೋಟಿಗೆ ಇಪ್ಪತ್ತೊಂದಾಗ್ಬೇಕಿತ್ತು."

ಅವಳು ಭುಜದ ಮೇಲಿನ ಎಣ್ಣೆಕಲೆಗಳನ್ನೇ ನೋಡಿದಳು. "ವೋಟೇ ಇಲ್ದೋನು ಇಷ್ಟೊಂದು ನಡೆದ್ನಾ?"

ಆ ಎರಡು ನಿಮಿಷ ಶುರುವಾದದ್ದು ಆಗಲೇ.

ಗಂಟೆ ಹೊಡೆದ ಮೇಲೆ ಬಳಿಗೆ ಬಂದಳು. "ಮಿಸ್, ಮಂಗಳವಾರ ಎಲೆಕ್ಷನ್. ಅಷ್ಟರೊಳಗೆ ನಮ್ಮಪ್ಪಂಗೆ ಇದನ್ನ ತೋರಿಸ್ಲೇಬೇಕು." ಅವಳಪ್ಪ ಲಾರಿ ಓಡಿಸುತ್ತಾರೆ, ಊರಿಗೆ ಬರುವುದು ಸೋಮವಾರ.

ಆದ್ದರಿಂದ ಶುಕ್ರವಾರ ಹಿಂದಿರುಗಿಸಬೇಕಾದ ಪೆಟ್ಟಿಗೆಯನ್ನು ಮಂಗಳವಾರದವರೆಗೆ ನಮ್ಮಲ್ಲೇ ಬಿಡಿ. ಮುಟ್ಟುವವರಿಗೆಂದು ನೀವಿಟ್ಟ ಕೈಗವಸುಗಳೆಲ್ಲ ಮಕ್ಕಳ ಅಳತೆಯವು. ದಯವಿಟ್ಟು ದೊಡ್ಡದೊಂದು ಜೊತೆ ಕಳಿಸಿ. ಡೆಲ್ಫೀನಳ ಅಪ್ಪ ಕ್ರಾಂಟ್ಸ್ ಅವರ ಕೈ ಬಲು ಅಗಲ.

ತಮ್ಮ ವಿಶ್ವಾಸಿ,
ಲೋರ್ನಾ ವಿಟ್ಲಾಕ್