ಜಗಲಿಯ ಮೇಲಿನ ಅಜ್ಜ

ಕಾಕಾ,

ಇದನ್ನು ಬರೆಯುತ್ತಿಲ್ಲ, ಬಾಯಲ್ಲೇ ಹೇಳುತ್ತಿದ್ದೇನೆ. ಈಗೀಗ ಕಾಗದ ಬರೆದರೆ ಅದು ಮೊದಲು ಯಾರ ಕೈ ಸೇರುತ್ತದೋ ಹೇಳಲಾಗದು. ಸತ್ತವರಿಗೆ ಬರೆದದ್ದು ಅಂದರೂ ಒಡೆದು ಓದದೆ ಬಿಡುವವರಲ್ಲ. ಪುರ್ತಗೇರಿಯಲ್ಲಿ, ನಿನ್ನ ಮಗಳು ನೀಲವ್ವನ ಮನೆಯ ಹಿತ್ತಲಲ್ಲಿ ಕೂತಿದ್ದೇನೆ. ಈಗಷ್ಟೇ ಬೆಳಗಾಗಿದೆ. ಗಜೇಂದ್ರಗಡದ ಕಡೆಯಿಂದ ದಂಡಿನ ಕುದುರೆಗಳು ಬರುವುದರೊಳಗೆ ಹೇಳಿ ಮುಗಿಸಬೇಕು.

ಚಿಕ್ಕನರಗುಂದದ ನಮ್ಮ ಹೊಲದಲ್ಲಿ ಸೀತನಿ ಸುಡುತ್ತಾ ನನಗೆ ಇಂಗ್ಲಿಷ್ ಕಲಿಸಿದ್ದು ನೆನಪಿದೆಯಾ? ಧಾರವಾಡದ ಕಚೇರಿಯಲ್ಲಿ ಕಾರಕೂನನಾಗಿದ್ದು ಊರಿಗೆ ಮರಳಿದವನು ನೀನು. ಅವರ ಮಾತು ಬಲ್ಲವರು ಸುತ್ತಲಿನ ಹಳ್ಳಿಗಳಲ್ಲಿ ಮತ್ತೊಬ್ಬರಿರಲಿಲ್ಲ. ಬಿಸಿ ಬಿಸಿ ಎಳೆಜೋಳ ನನ್ನ ಅಂಗೈಗೆ ಸುರಿದು, “ಈಗ ಏನಂತಿ?” ಅನ್ನುತ್ತಿದ್ದೆ. “ಐ ಹ್ಯಾವ್ ಸೀತನಿ.” ತಿಂದು ಕೈ ಕೊಡವಿದ ಮೇಲೆ, “ಈಗ?” “ಐ ಹ್ಯಾಡ್ ಸೀತನಿ.” ಕಾಕಿಯತ್ತ ಬೊಟ್ಟು ಮಾಡಿ, “ಆಕಿ ಕೈಯಾಗ ಇದ್ರ?” “ಶೀ ಹ್ಯಾವ್...” ಅನ್ನುವಷ್ಟರಲ್ಲಿ ತಲೆಗೊಂದು ಮೊಟಕು. “ಹ್ಯಾಜ್ ಅನ್ನಲೇ ಮಗನ. ಆಕಿ ಒಬ್ಬಾಕಿನ ಅದಾಳ.” ಕಾಕಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಿದ್ದಳು. “ಬರೇ ಐತಿ ಅನ್ನಾಕ ಇಷ್ಟು ಮಾತು ಬೇಕಾದ್ರ, ಅವರ ಮನ್ಯಾಗ ಏನೇನ ತುಂಬಿ ಇಟ್ಟಾರೋ ಏನೋ.”

ಇನ್ನೊಂದು ದಿನ, ಬಂಡಿಯ ಮೇಲೆ ಕೂತಾಗ, ನೀನು ಹೇಳಿದ್ದೆ: “ನಾವು ನಮ್ಮ ಕಡೆ ಎತ್ತು ಅದಾವ ಅಂತೀವಿ. ಎತ್ತು ತಮ್ಮಷ್ಟಕ್ಕ ತಾವು ಇರ್ತಾವ. ಅವರ ಮಾತಿನಾಗ ಹಂಗಲ್ಲ, ಹಗ್ಗಾ ಕೈಯಾಗ ಹಿಡಕೊಂಡ ಮಾತಾಡಬೇಕು.” ಆಮೇಲೆ ‘ಐ ಹ್ಯಾವ್ ಹ್ಯಾಡ್ ಫೀವರ್’ ಅನ್ನುವುದನ್ನು ಬಿಡಿಸಿ ಹೇಳಲು ಹೋಗಿ ತಡವರಿಸಿದೆ. ಜ್ವರ ಇದ್ದರೆ ಹ್ಯಾವ್, ಇಲ್ಲದಿದ್ದರೆ ಹ್ಯಾಡ್, ಎರಡನ್ನೂ ಒಟ್ಟಿಗೆ ಯಾಕೆ ಅಂತ ನಾನು ಕೇಳಿದ್ದೆ. “ಜ್ವರ ಬಂದು ಹೋಗೇತಿ. ಆದ್ರ ಮೈ ಇನ್ನೂ ಅದನ್ನ ಮರ್ತಿಲ್ಲ. ಹಂಗ ತಿಳಕೋ.” ಈಗ ಈ ಸೀಮೆಯಲ್ಲಿ ಎಲ್ಲರ ಮೈಯೂ ಹಾಗೇ ಇದೆ ಕಾಕಾ.

ಡಂಗುರ ಸಾರಿದ ದಿನ ಕಣ್ಣಿಗೆ ಕಟ್ಟಿದಂತಿದೆ. ಆಯುಧ ಇದ್ದವರು ಚಾವಡಿಗೆ ತಂದು ಒಪ್ಪಿಸಬೇಕು, ಇಟ್ಟುಕೊಂಡವರಿಗೆ ಗಲ್ಲು. ಸಾಹೇಬನ ಪಕ್ಕ ನಿಂತು ಒಬ್ಬೊಬ್ಬರ ಮಾತನ್ನೂ ನೀನೇ ಇಂಗ್ಲಿಷಿಗೆ ತಿರುಗಿಸಿದೆ. ಬಂದೂಕು, ಭರ್ಚಿ, ಮೊಂಡು ಕತ್ತಿಗಳ ರಾಶಿ ಬಿತ್ತು. ಕೊನೆಗೆ ನಿನ್ನ ಸರದಿ. “ಐ ಹ್ಯಾಡ್ ಎ ಗನ್. ಐ ಹ್ಯಾವ್ ಗಿವನ್ ಇಟ್. ಐ ಹ್ಯಾವ್ ನಥಿಂಗ್ ನೌ.” ಎಷ್ಟು ಚೊಕ್ಕವಾಗಿ ಹೇಳಿದೆ. ಸಾಹೇಬ ಕೂಡ ತಲೆದೂಗಿದ. ಒಂದು ಕಾಲವೂ ತಪ್ಪಿರಲಿಲ್ಲ. ನಿನ್ನ ಮನಸ್ಸಿನಲ್ಲಿ ಒಂದು ಸುಳ್ಳೂ ಇರಲಿಲ್ಲ.

ಅದೇ ಹೊತ್ತಿನಲ್ಲಿ ನಮ್ಮ ಮನೆಯ ದೇವರ ಜಗಲಿಯ ಮೇಲೆ ಅಜ್ಜ ಇದ್ದ. ನಮ್ಮ ಮನೆಯಲ್ಲಿ ಅದನ್ನು ಯಾರಾದರೂ ಕತ್ತಿ ಅಂದದ್ದು ಉಂಟಾ? ಖಂಡೆ ಪೂಜೆಯ ಹಿಂದಿನ ಸಂಜೆ, “ಅಜ್ಜಗ ಎಣ್ಣಿ ಹಚ್ಚೀರೇನು?” ಅಂತ ಕೇಳುತ್ತಿದ್ದರು. ಹೊಸ ಸೊಸೆ ಬಂದರೆ ಮೊದಲು ಅಜ್ಜನಿಗೆ ನಮಸ್ಕಾರ. ಯಾವ ಕಾಲದಲ್ಲೋ ಯಾರೋ ಅದನ್ನು ಹಿಡಿದು ಕಾದಾಡಿರಬಹುದು. ಆಮೇಲೆ ವಿಭೂತಿ ಹಚ್ಚಿಸಿಕೊಂಡು ದೇವರ ಸಾಲಿನಲ್ಲಿ ಕೂತುಬಿಟ್ಟಿತ್ತು. ಆಯುಧ ತನ್ನಿ ಅಂದರೆ ದೇವರನ್ನು ಎತ್ತಿಕೊಂಡು ಬರುವುದು ಯಾರಿಗೆ ಹೊಳೆಯುತ್ತದೆ? ಇಡೀ ಊರಿಗೇ ಹೊಳೆದಿರಲಿಲ್ಲ.

ನರಗುಂದದ ಅರಸ ಸಾಹೇಬರ ಮೇಲೆ ಬಂಡೆದ್ದ ಗದ್ದಲ ಆದ ಮೇಲೆ ಮನೆ ಮನೆ ಶೋಧಿಸಿದರು. ಆಗ ನಾನು ಕೆಲಸ ಹುಡುಕಿಕೊಂಡು ಧಾರವಾಡದಲ್ಲಿದ್ದೆ. ಕಾಕಿ ಹೇಳಿದ್ದನ್ನಷ್ಟೇ ಬಲ್ಲೆ. ಸಿಪಾಯಿ ಜಗಲಿಯ ಮೇಲೆ ಕೈ ಹಾಕಿದಾಗ, ಅಷ್ಟು ಇಂಗ್ಲಿಷ್ ಬಲ್ಲ ನೀನು ಕನ್ನಡದಲ್ಲೇ ಅಂದೆಯಂತೆ: “ಅದು ಆಯುಧ ಅಲ್ರಿ ಸಾಹೇಬ್ರ, ನಮ್ಮ ಅಜ್ಜ ಅದಾನ್ರಿ.” ಊರಿನವರ ಮಾತನ್ನೆಲ್ಲ ತಿರುಗಿಸಿ ಹೇಳಿದವನು ನೀನು. ನಿನ್ನ ಮಾತನ್ನು ತಿರುಗಿಸಿ ಹೇಳಲು ಅಲ್ಲಿ ಯಾರಿದ್ದರು? ನರಗುಂದಕ್ಕೆ ಕರೆದುಕೊಂಡು ಹೋದರು. ನಿನ್ನನ್ನು ನಮಗೆ ಮರಳಿ ಕೊಟ್ಟಾಗ ಕಾಕಿ ನಿನ್ನ ಕುತ್ತಿಗೆಯ ಗುರುತಿನ ಮೇಲೆ ಸೆರಗು ಹೊದಿಸಿ, ಮಣ್ಣು ಕೊಡುವವರೆಗೂ ತೆಗೆಯಗೊಡಲಿಲ್ಲ. ಜಗಲಿಯ ಮೇಲೆ ಅಜ್ಜ ಇದ್ದ ಜಾಗಕ್ಕೆ ಅವಳು ಈಗಲೂ ಎಣ್ಣೆ ಹಚ್ಚುತ್ತಾಳೆ. ಬರೀ ಕಲ್ಲಿಗೆ.

ಅವರ ಕೈಕೆಳಗೇ ದುಭಾಷಿಯಾಗಿ ಸೇರಿದೆ ಅಂತ ನನ್ನ ಮೇಲೆ ಸಿಟ್ಟು ಬಂತಾ? ಬೇರೆಯವನಾದರೆ ಏನು ಮಾಡುತ್ತಾನೆ ಹೇಳು. ಜನ ಆಯುಧ ಇಲ್ಲ ಅನ್ನುತ್ತಾರೆ, ಅವನು ಇಲ್ಲ ಅಂತ ತಿರುಗಿಸುತ್ತಾನೆ, ಅಲ್ಲಿಗೆ ಮುಗಿಯಿತು. ನಾನು ಕುದುರೆಗಳ ಮೇವು ನೀರಿನ ವ್ಯವಸ್ಥೆ ನೋಡುವ ನೆಪದಲ್ಲಿ ದಂಡಿಗಿಂತ ಒಂದು ದಿನ ಮೊದಲೇ ಊರು ಸೇರುತ್ತೇನೆ. ಹಿರಿಯರ ಕಿವಿಯಲ್ಲಿ, “ಜಗಲಿ ಮ್ಯಾಲಿಂದನ್ನೂ ಹೊರಗ ತರ್ರಿ” ಅನ್ನುತ್ತೇನೆ. ಅಬ್ಬಿಗೇರಿಯಲ್ಲಿ ಒಬ್ಬ ಮುದುಕ ನನ್ನ ಮುಖ ನೋಡಿ, “ನಿನ್ನ ಹೆತ್ತಾಕಿ ದೊಡ್ಡಾಕಿ ಬಿಡಪ್ಪಾ, ದೇವರನ್ನ ಹಿಡಕೊಡೋ ಮಗನ್ನ ಹಡದಾಳ” ಅಂದ. ಅಂದರೂ ತಂದ. ಅವನ ಮನೆಯವರು ಬದುಕಿದ್ದಾರೆ.

ನಿನ್ನೆ ಇಲ್ಲಿಗೆ ಬಂದೆ. ನೀಲವ್ವನ ಗಂಡನ ಮನೆಯಲ್ಲೂ ಜಗಲಿಯ ಮೇಲೆ ಒಬ್ಬ ಅಜ್ಜ ಇದ್ದ, ನಮ್ಮದಕ್ಕಿಂತ ಗಿಡ್ಡ, ಹಿಡಿಗೆ ಬೆಳ್ಳಿ ಸುತ್ತಿಸಿಕೊಂಡಿದ್ದ. ನಿನ್ನ ಅಳಿಯ ಚಾವಡಿಯಲ್ಲಿ ಆಗಲೇ ಆಯುಧ ಇಲ್ಲ ಅಂದು ಬಂದಿದ್ದ. ನಿನ್ನ ಹಾಗೇ, ನಿಜ ಅಂತಲೇ ತಿಳಿದು. ನಾನು ಬಂದ ವಿಷಯ ಹೇಳುತ್ತಿದ್ದಂತೆ ನೀಲವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಏನಣ್ಣಾ, ಸಾಹೇಬನ ಅನ್ನ ಉಂಡು ಅಜ್ಜನ್ನ ಒಯ್ಯಾಕ ಬಂದೀಯೇನು?”

“ಒಯ್ಯಾಕಲ್ಲವಾ, ಉಳಿಸಾಕ ಬಂದೀನಿ.”

“ಯಾರನ್ನ, ಅಜ್ಜನ್ನ?”

“ನಿನ್ನ ಗಂಡನ್ನ. ನಿಮ್ಮಪ್ಪಗ ಏನಾತು ಮರತಿಯೇನು?”

ಮೊರ ಮತ್ತೆ ಎತ್ತಿಕೊಂಡು ಜೋಳ ಕೇರಿದಳು. ಕಡೆಗೆ, “ಮುಂಜಾನೆ ಜಳಕಾ ಮಾಡಿ, ಪೂಜಿ ಮಾಡಿ ಮನಿಯಿಂದ ಕಳಸ್ತೀನಿ” ಅಂದಳು. ಕಳಿಸುತ್ತೇನೆ ಅಂದಳು ಕಾಕಾ, ಕೊಡುತ್ತೇನೆ ಅನ್ನಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಇವತ್ತು ಬಂದು ನೋಡಿದರೆ ಜಗಲಿ ಖಾಲಿ. ಅವಳ ಕೂದಲು ಇನ್ನೂ ಒದ್ದೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಒಂದು ಥರದ ಸಮಾಧಾನ.

“ಎಲ್ಲೈತಿ?”

“ಹಿತ್ತಲ ಬಾವಿಗೆ ಬಿಟ್ಟೆ. ಮನಿ ಬಿಟ್ಟು ಹೋಗೋ ದೇವರನ್ನ ಮಂದಿ ಕೈಯಾಗ ಕೊಡ್ತಾರೇನು? ನೀರಿಗೆ ಬಿಡ್ತಾರ. ಈಗ ನಮ್ಮನ್ಯಾಗ ಏನೂ ಇಲ್ಲ. ನಿನ್ನ ಸಾಹೇಬಗ ಖುಶಾಲ ಹೇಳು.”

ಅವಳು ಮಾಡಿದ್ದರಲ್ಲಿ ತಪ್ಪೇನಿದೆ? ಮುಕ್ಕಾದ ದೇವರನ್ನು ನಮ್ಮವರು ನೀರಿಗೇ ಬಿಡುತ್ತಾರೆ. ಆದರೆ ದಂಡಿನವರು ಊರು ಹೊಕ್ಕ ಕೂಡಲೇ ಮೊದಲು ಮಾಡುವ ಕೆಲಸ ಬಾವಿಗಳಿಗೆ ಪಾತಾಳಗರಡಿ ಇಳಿಬಿಡುವುದು. ಬಿದ್ದ ಕೊಡ ಎತ್ತುವ ಅದೇ ಕೊಕ್ಕೆಗಳಿಂದ ಇಡೀ ತಳ ಜಾಲಾಡುತ್ತಾರೆ. ಜಗಲಿಯ ಮೇಲೆ ಸಿಕ್ಕಿದ್ದರೆ ದೇವರು ಅಂತ ನಾನು ವಾದ ಮಾಡಬಹುದಿತ್ತು. ಬಾವಿಯಲ್ಲಿ ಸಿಕ್ಕಿದ್ದು ಬಚ್ಚಿಟ್ಟದ್ದು. ಅದಕ್ಕೆ ಯಾವ ಮಾತೂ ಇಲ್ಲ, ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ...

ಅವಳಿಗೆ ಹೇಳಿದೆ. ಕೇಳಿದ್ದೇ ತಡ, ಹಗ್ಗ ತರಲು ಓಡಿದಳು. ನಿನ್ನ ಅಳಿಯನನ್ನು ಆಗಲೇ ಗೌಡರು ಚಾವಡಿಗೆ ಕರೆಸಿ ಕೂರಿಸಿದ್ದಾರೆ, ಉಳಿದ ಗಂಡಸರ ಜೊತೆ. ಇಲ್ಲಿ ಇರುವವರು ನಾವಿಬ್ಬರೇ. ನೀನು ಕೇಳದೇ ಹೋದ ಇನ್ನೊಂದು ಸುದ್ದಿ ಇದೆ, ಅವಳು ಅದನ್ನು ತನ್ನ ಬಾಯಿಂದ ಹೇಳಲಿಲ್ಲ, ಹೊಟ್ಟೆ ನೋಡಿ ತಿಳಿಯಿತು. ಅದಕ್ಕೇ ಬಾವಿಗೆ ಇಳಿಯುವವನು ನಾನೇ.

ಅದು ಕೈಗೆ ಸಿಕ್ಕರೆ ನೇರ ದಾರಿಗೆ ಹೋಗಿ ಸಾಹೇಬನಿಗೆ ಒಪ್ಪಿಸುತ್ತೇನೆ. ಎದುರಿಗೆ ಕತ್ತಿ ಹಿಡಿದು ಬರುವವನನ್ನು ಸವಾರರು ಮೊದಲು ಮಾತಾಡಿಸುತ್ತಾರೋ, ಗುಂಡು ಹಾಕಿ ಆಮೇಲೆ ಗುರುತು ಹಿಡಿಯುತ್ತಾರೋ ಗೊತ್ತಿಲ್ಲ. ಅದು ಅವರಿಗೆ ಈ ಬಾವಿಯಲ್ಲಿ ಮಾತ್ರ ಸಿಗುವುದಿಲ್ಲ. ಅಷ್ಟು ಮಾತು ಕೊಡುತ್ತೇನೆ.

ನೀಲವ್ವ ಬಂದಳು. ನನ್ನ ನಡುವಿಗೆ ಹಗ್ಗ ಬಿಗಿಯುತ್ತಿದ್ದಾಳೆ, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಸುತ್ತಿದ್ದಾಳೆ. “ಲಗೂ ಇಳಿ ಅಣ್ಣಾ, ದಾರ್ಯಾಗ ಧೂಳ ಕಾಣಾಕತ್ತೇತಿ” ಅನ್ನುತ್ತಿದ್ದಾಳೆ.

ಇಳಿಯುತ್ತಿದ್ದೇನೆ ಕಾಕಾ.